ಕೆಸರಿಗೆಂದೇ ಹುಟ್ಟಿದ ರಬ್ಬರ್ ಶೂ: ಮಲೇಷಿಯಾದ ಮಳೆಕಾಡಿನಲ್ಲಿ ‘ಅಡಿಡಾಸ್ ಕಾಂಪುಂಗ್’

ಮಲೇಷಿಯಾದ ರಾಷ್ಟ್ರೀಯ ಉದ್ಯಾನವಾದ ತಮನ್ ನೆಗಾರಾದ ಕಾಡುದಾರಿಯಲ್ಲಿ ಪ್ರವಾಸಿಗರ ಕಾಲಲ್ಲಿ ನೂರಾರು ರಿಂಗಿಟ್ (ಅಲ್ಲಿನ ಹಣ) ಬೆಲೆಯ ವಾಟರ್‌ಪ್ರೂಫ್ ಬೂಟುಗಳಿರುತ್ತವೆ. ಅವರ ಸಾಮಾನು ಹೊತ್ತು ಮುಂದೆ ಹೋಗುವ ಗೈಡು, ಪೋರ್ಟರುಗಳು ಹಾಕಿಕೊಂಡಿರುವುದು ಹತ್ತಿಪ್ಪತ್ತು ರಿಂಗಿಟ್‌ಗೆ ಕಿರಾಣಿ ಅಂಗಡಿಯಲ್ಲಿ ಸಿಗುವ ಕಪ್ಪು ರಬ್ಬರ್ ಶೂ. ಊರಿನವರು ಅದನ್ನು ‘ಅಡಿಡಾಸ್ ಕಾಂಪುಂಗ್’ ಎನ್ನುತ್ತಾರೆ, ಹಳ್ಳಿಯ ಅಡಿಡಾಸ್ ಅಂತ. ಹೆಸರು ತಮಾಷೆಯದು, ಜರ್ಮನಿಯ ಆ ಕಂಪನಿಗೂ ಈ ಶೂವಿಗೂ ನಂಟಿಲ್ಲ. ರಬ್ಬರ್ ತೋಟದಲ್ಲಿ ಹಾಲು ತೆಗೆಯುವವರು ಮೆಟ್ಟುತ್ತಿದ್ದ ಶೂ ಇದು, ಈಗ ಕಾಡಿನ ದಾರಿಗಳಲ್ಲೂ ಇದರದೇ ರಾಜ್ಯಭಾರ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಕೆಸರು, ಬೇರು, ಹೊಳೆ ತುಂಬಿದ ದಾರಿಗೆ, ಬೆನ್ನ ಮೇಲೆ ಹಗುರ ಹೊರೆ ಇದ್ದಾಗ, ಅಳತೆ ಸರಿಯಾಗಿ ಕೂತರೆ, ಇದರ ನಾಲ್ಕರಷ್ಟು ಬೆಲೆಯ ಶೂ ಕೂಡ ಇದರಷ್ಟು ಕೆಲಸ ಮಾಡುವುದಿಲ್ಲ. ಹಲಗೆ ಹಾಸಿದ ದಾರಿಗೆ, ಚೂಪು ಸುಣ್ಣಕಲ್ಲಿಗೆ, ಹದಿನೈದು ಕಿಲೋ ಹೊರೆಗೆ ಇದನ್ನು ನೆಚ್ಚಿಕೊಳ್ಳಬೇಡಿ. ಇನ್ನೊಂದು ಮಾತು: ಶೂ ಒಂದನ್ನೇ ಕೊಂಡರೆ ಅರ್ಧ ಕೆಲಸವಷ್ಟೇ ಆದಂತೆ. ಒಳಗೆ ಯಾವ ಸಾಕ್ಸ್ ಹಾಕುತ್ತೀರಿ ಎಂಬುದರ ಮೇಲೆ ಉಳಿದರ್ಧ ನಿಂತಿದೆ. ಇದನ್ನು ಹಾಕಿ ಬೊಬ್ಬೆ ಎದ್ದಿತು ಎಂದು ಬೈಯುವವರಲ್ಲಿ ಹೆಚ್ಚಿನವರು ಎಡವಿರುವುದು ಸಾಕ್ಸಿನಲ್ಲಿ.

ಶೂ ಹೇಗಿದೆ

ಇಡೀ ಶೂ ಒಂದೇ ಅಚ್ಚಿನಲ್ಲಿ ಬಂದದ್ದು. ಮೇಲ್ಭಾಗ ಬೇರೆ, ಅಟ್ಟೆ ಬೇರೆ, ನಡುವೆ ಗೋಂದು ಎಂಬುದೇ ಇಲ್ಲ. ಹೊಲಿಗೆ ಇಲ್ಲ, ಸಾಮಾನ್ಯವಾಗಿ ಲೇಸೂ ಇಲ್ಲ. ಕಾಲು ತೂರಿಸಿದರೆ ಆಯಿತು. ಅಂಚು ಹರಡಿನ ಕೆಳಗೇ ನಿಲ್ಲುತ್ತದೆ. ಅಟ್ಟೆಯ ತುಂಬ ಫುಟ್‌ಬಾಲ್ ಶೂವಿನಲ್ಲಿರುವಂಥ ಮೊಂಡು ಸ್ಟಡ್‌ಗಳು, ಒಂದಕ್ಕೊಂದು ಸಾಕಷ್ಟು ದೂರದಲ್ಲಿ. ತೂಕ ಚರ್ಮದ ಟ್ರೆಕ್ಕಿಂಗ್ ಬೂಟಿನ ಅರ್ಧದ ಆಸುಪಾಸು. ರಬ್ಬರು ನೀರು ಹೀರುವುದಿಲ್ಲವಾದ್ದರಿಂದ ಸಂಜೆಗೂ ಅದೇ ತೂಕ. ನೆನೆದ ಚರ್ಮದ ಬೂಟಿನ ವಿಷಯದಲ್ಲಿ ಈ ಮಾತು ಹೇಳಲಾಗದು.

ಗೋಂದಿಲ್ಲದಿರುವುದು ಸಣ್ಣ ಅನುಕೂಲವಲ್ಲ. ಮಳೆಕಾಡಿನಲ್ಲಿ ದುಬಾರಿ ಬೂಟು ಕೈಕೊಡುವುದೇ ಅಟ್ಟೆ ಬಾಯಿ ಬಿಟ್ಟಾಗ. ಹಲವು ಬೂಟುಗಳ ನಡುವಿನ ಮೆತ್ತನೆಯ ಪದರ ಪಾಲಿಯುರೆಥೇನ್‌ನದು. ಬೂಟು ವರ್ಷಗಟ್ಟಲೆ ಕಪಾಟಿನಲ್ಲಿ ಕೂತಿದ್ದಾಗ ಆ ಪದರ ಗಾಳಿಯ ತೇವದೊಡನೆ ವರ್ತಿಸಿ ಒಳಗಿಂದೊಳಗೇ ಶಿಥಿಲವಾಗುತ್ತದೆ. ನೋಡಲು ಹೊಸದರಂತೆಯೇ ಇರುತ್ತದೆ. ನೆಂದು, ಬಾಗಿ, ಭಾರ ಬಿದ್ದ ಮೊದಲ ದಿನವೇ ಪುಡಿಯಾಗಿ ಉದುರಿ ಅಟ್ಟೆ ಕಳಚಿಕೊಳ್ಳುತ್ತದೆ. ಎರಡು ವರ್ಷ ಮುಟ್ಟದ ಬೂಟನ್ನು ಕಾಡಿಗೆ ಒಯ್ಯುವ ಮೊದಲು ಊರಿನಲ್ಲೇ ಒದ್ದೆ ಮಾಡಿ ಒಂದೆರಡು ಗಂಟೆ ನಡೆದು ನೋಡಬೇಕು ಎನ್ನುವುದು ಇದಕ್ಕೇ. ಕಾಂಪುಂಗ್ ಶೂವಿನಲ್ಲಿ ಕಳಚಲು ಏನೂ ಇಲ್ಲ. ಸವೆಯಬೇಕು, ಇಲ್ಲವೇ ಹರಿಯಬೇಕು, ಅಷ್ಟೇ.

ನೀರಿನ ಲೆಕ್ಕ

ಮಳೆಕಾಡಿನಲ್ಲಿ ಕಾಲು ಒಣಗಿಸಿಟ್ಟುಕೊಳ್ಳುತ್ತೇನೆ ಎಂಬ ಹಟವನ್ನು ಮೊದಲ ಹಳ್ಳದಲ್ಲೇ ಬಿಡಬೇಕಾಗುತ್ತದೆ. ವಾಟರ್‌ಪ್ರೂಫ್ ಬೂಟಿನ ಒಳಪೊರೆ ಕೆಲಸ ಮಾಡುವುದು ಒಳಗಿನ ಆವಿ ಹೊರಗಿನ ಒಣ ಗಾಳಿಯತ್ತ ಹರಿಯುವುದರಿಂದ. ತಮನ್ ನೆಗಾರಾದ ತಗ್ಗು ಕಾಡಿನಲ್ಲಿ ಹೊರಗಿನ ಗಾಳಿಯೇ ತೇವದಿಂದ ತುಂಬಿರುತ್ತದೆ, ಜೊತೆಗೆ ಬೂಟಿನ ಮೇಲೆ ಕೆಸರಿನ ಲೇಪ. ಆವಿ ಹೋಗುವುದೆಲ್ಲಿಗೆ? ಬೆವರು ಅಲ್ಲೇ ನಿಲ್ಲುತ್ತದೆ. ಮೊಣಕಾಲು ಮಟ್ಟದ ಹೊಳೆ ದಾಟುವಾಗ ನೀರು ಬೂಟಿನ ಬಾಯಿಯಿಂದ ಒಳಗಿಳಿದರಂತೂ ಹೊರಗಿನ ನೀರನ್ನು ತಡೆಯಲೆಂದು ಕೂರಿಸಿದ ಅದೇ ಪೊರೆ ಈಗ ಒಳಗಿನ ನೀರನ್ನೂ ಹೊರಬಿಡದು. ಬೂಟು ಬಿಚ್ಚಿ, ಮಗುಚಿ, ಸಾಕ್ಸ್ ಹಿಂಡಿ ಮತ್ತೆ ಕಟ್ಟಬೇಕು. ಮುಂದಿನ ಹೊಳೆ ಅರ್ಧ ಗಂಟೆಯ ದಾರಿಯಲ್ಲಿ ಕಾದಿರುತ್ತದೆ.

ಕಾಂಪುಂಗ್ ಶೂವಿನೊಳಗೆ ನೀರು ಸಲೀಸಾಗಿ ಬರುತ್ತದೆ, ಸಲೀಸಾಗಿಯೇ ಹೋಗುತ್ತದೆ. ದಡ ಹತ್ತಿ ಹತ್ತಾರು ಹೆಜ್ಜೆ ಹಾಕುವಷ್ಟರಲ್ಲಿ ಪಾದದ ಒತ್ತಡಕ್ಕೆ ಹಿಮ್ಮಡಿಯ ಅಂಚಿನಿಂದ ಹೆಚ್ಚಿನ ನೀರು ಚಿಮ್ಮಿ ಹೊರಬೀಳುತ್ತದೆ. ಸ್ವಲ್ಪ ನೀರು ತಳದಲ್ಲಿ ಉಳಿದು ‘ಪಚ ಪಚ’ ಎನ್ನುತ್ತಿರುತ್ತದೆ. ಅದು ಬೇಡವೆನಿಸಿದರೆ ಅಂಗಾಲಿನ ಕಮಾನಿನ ಒಳಬದಿಯಲ್ಲಿ, ಅಟ್ಟೆಗಿಂತ ಒಂದು ಬೆರಳು ಮೇಲೆ, ಕಾಯಿಸಿದ ಮೊಳೆಯಿಂದ ಎರಡೆರಡು ತೂತು ಮಾಡಿಕೊಳ್ಳಬಹುದು. ಚಾಕುವಿನಿಂದ ಸೀಳಬೇಡಿ; ಸೀಳು ಬಾಗಿದಾಗಲೆಲ್ಲ ಬೆಳೆಯುತ್ತದೆ, ಸುಟ್ಟ ದುಂಡು ತೂತು ಬೆಳೆಯುವುದಿಲ್ಲ. ಮುಂಬದಿಯಲ್ಲಿ ತೂತು ಮಾಡಿದರೆ ಮರಳು ನುಗ್ಗಿ ಬೆರಳ ಸಂದಿ ಉಜ್ಜುತ್ತದೆ, ಆ ಜಾಗ ಬೇಡ.

ರಾತ್ರಿ ಬಿಡಾರದಲ್ಲಿ ಇದರ ನಿಜವಾದ ಗುಣ ಗೊತ್ತಾಗುತ್ತದೆ. ಹೊಳೆಯಲ್ಲಿ ಜಾಲಿಸಿ, ಒಳಗೆ ಒಣ ಬಟ್ಟೆ ಹಾಕಿ ಒರೆಸಿ, ನೆಟ್ಟ ಕೋಲಿನ ಮೇಲೆ ಮಗುಚಿಟ್ಟರೆ ಬೆಳಿಗ್ಗೆ ಶೂ ಒಣಗಿರುತ್ತದೆ. ಒಳಗೆ ಬಟ್ಟೆಯ ಅಸ್ತರು ಇರುವ ಬೂಟು ಆ ಕಾಡಿನಲ್ಲಿ ಮೂರು ದಿನವಾದರೂ ಒಣಗದು. ಬೆಂಕಿಯ ಹತ್ತಿರ ಮಾತ್ರ ಇಡಬೇಡಿ, ಅಚ್ಚಿನ ಶೂ ಸೊಟ್ಟಗಾದರೆ ನೇರವಾಗುವುದಿಲ್ಲ. ಬೆಳಿಗ್ಗೆ ಹಾಕುವ ಮೊದಲು ಮಗುಚಿ ಕೊಡವಿ. ಚೇಳು, ಜರಿಗಳಿಗೂ ಒಣ ಜಾಗ ಬೇಕಲ್ಲ.

ಎಲ್ಲಿ ಹಿಡಿಯುತ್ತದೆ, ಎಲ್ಲಿ ಜಾರುತ್ತದೆ

ಅಂಟು ಮಣ್ಣಿನ ಇಳಿಜಾರಿನಲ್ಲಿ ಇದಕ್ಕೆ ಸಾಟಿಯಿಲ್ಲ. ಸ್ಟಡ್‌ಗಳು ಮೇಲಿನ ಲೊಳೆಯನ್ನು ಸೀಳಿ ಕೆಳಗಿನ ಗಟ್ಟಿ ಮಣ್ಣಿಗೆ ಇಳಿಯುತ್ತವೆ. ಅಟ್ಟೆ ಮೆತ್ತಗಿರುವುದರಿಂದ ಪ್ರತಿ ಹೆಜ್ಜೆಗೂ ಬಾಗಿ, ಸಂದಿಗಳಲ್ಲಿ ಹಿಡಿದ ಮಣ್ಣು ತಾನಾಗಿ ಕಳಚುತ್ತದೆ. ಗಟ್ಟಿ ಅಟ್ಟೆಯ ಬೂಟಿನಲ್ಲಿ ಹತ್ತು ನಿಮಿಷಕ್ಕೆ ಅಚ್ಚುಗಳೆಲ್ಲ ತುಂಬಿ ತಳ ನುಣುಪಾಗಿಬಿಡುತ್ತದೆ. ಆಮೇಲೆ ಅದರ ಬೆಲೆ ಎಷ್ಟಾದರೂ ಒಂದೇ.

ಬೇರುಗಳ ಮೇಲೆ ಪರವಾಗಿಲ್ಲ ಎನ್ನಬಹುದು, ನಡೆಯುವ ರೀತಿ ತಿದ್ದಿಕೊಂಡರೆ. ಮಳೆಕಾಡಿನಲ್ಲಿ ಪೋಷಕಾಂಶವೆಲ್ಲ ಮೇಲುಮಣ್ಣಿನಲ್ಲೇ ಇರುವುದರಿಂದ ಬೇರುಗಳು ನೆಲದ ಮೇಲೇ ಹರಡಿರುತ್ತವೆ. ಸಿಪ್ಪೆ ಸವೆದ ಒದ್ದೆ ಬೇರು ಇಳಿಜಾರಿಗೆ ಓರೆಯಾಗಿ ಮಲಗಿದ್ದರೆ ಅದರ ಮೇಲೆ ಯಾವ ಅಟ್ಟೆಯೂ ನಿಲ್ಲದು. ಬೇರನ್ನು ತುಳಿಯದೆ ಅದರ ಹಿಂದಿನ ಮಣ್ಣಿನ ಮೆಟ್ಟಿಲಿಗೆ ಹೆಜ್ಜೆ ಇಡಬೇಕು. ತುಳಿಯಲೇಬೇಕಾದರೆ ಪಾದದ ನಡುಭಾಗ ಬೇರಿಗೆ ಅಡ್ಡವಾಗಿ ಕೂರಲಿ. ಆಗ ಎರಡು ಸಾಲು ಸ್ಟಡ್‌ಗಳ ನಡುವೆ ಬೇರು ಸಿಕ್ಕಿಕೊಂಡು ಕಾಲು ನಿಲ್ಲುತ್ತದೆ. ಏಣಿಯ ಮೆಟ್ಟಿಲಿಗೂ ಇದೇ ಉಪಾಯ.

ಹಲಗೆ ದಾರಿಯಲ್ಲಿ ಎಲ್ಲ ತಲೆಕೆಳಗು. ಒದ್ದೆ ಮರದ ಮೇಲಿನ ಪಾಚಿಯ ಪದರಕ್ಕೆ ಅಗಲವಾದ, ಸಪಾಟಾದ ರಬ್ಬರು ಬೇಕು. ಇಲ್ಲಿ ನೆಲ ಮುಟ್ಟುವುದು ಸ್ಟಡ್‌ಗಳ ತುದಿ ಮಾತ್ರ, ಮರದೊಳಕ್ಕೆ ಅವು ಇಳಿಯಲಾರವು. ಮಳೆ ಬಂದು ನಿಂತ ಮೇಲೆ ಹಲಗೆ ಮೆಟ್ಟಿಲು ಇಳಿಯುವಾಗ ಬೀಳುವವರ ಪೈಕಿ ಈ ಶೂ ಹಾಕಿದವರು ಕಡಿಮೆಯೇನಲ್ಲ. ಪೂರ್ತಿ ಪಾದ ಒಮ್ಮೆಗೇ ಊರಿ, ಹೆಜ್ಜೆ ಚಿಕ್ಕದಾಗಿಸಿ, ಕಂಬಿ ಹಿಡಿದು ಇಳಿಯಿರಿ. ಮೊಳೆ ಹೊಡೆದ ಸಾಲಿನ ಮೇಲೆ, ಅಂದರೆ ಕೆಳಗೆ ತೊಲೆ ಇರುವಲ್ಲಿ ಹೆಜ್ಜೆ ಇಟ್ಟರೆ ಹಲಗೆ ಅಲುಗುವುದಿಲ್ಲ, ಮುರಿಯುವ ಭಯವೂ ಕಡಿಮೆ.

ಕಲ್ಲಿನ ಮೇಲೆ ಇನ್ನೊಂದು ತೊಂದರೆ. ಅಟ್ಟೆ ತೆಳು, ಒಳಗೆ ಬಿಗಿ ಪಟ್ಟಿಯಿಲ್ಲ. ಹೊಳೆಯ ಉರುಟು ಕಲ್ಲುಗಳ ಮೇಲೆ ಒಂದು ಗಂಟೆ ನಡೆದರೆ ಅಂಗಾಲು ಪ್ರತಿ ಕಲ್ಲನ್ನೂ ಎಣಿಸಿರುತ್ತದೆ. ಅದಕ್ಕೇ ಅಭ್ಯಾಸವಾದ ಪೋರ್ಟರನ ಪಾದಕ್ಕೂ, ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರ ಪಾದಕ್ಕೂ ವ್ಯತ್ಯಾಸವಿದೆ. ‘ಅವರು ಇದರಲ್ಲೇ ಬೆಟ್ಟ ಹತ್ತುತ್ತಾರೆ’ ಎಂಬ ಮಾತನ್ನು ಆ ಲೆಕ್ಕ ಹಿಡಿದೇ ಕೇಳಬೇಕು.

ಅಳತೆ ಮತ್ತು ಸಾಕ್ಸ್

ಲೇಸಿಲ್ಲದ ಶೂವಿನಲ್ಲಿ ಪಾದವನ್ನು ಹಿಡಿದಿಡುವುದು ಅಳತೆಯೊಂದೇ. ಅರ್ಧ ಸೈಜ್ ದೊಡ್ಡದಾದರೆ ಕೆಸರು ಶೂವನ್ನು ಕಾಲಿನಿಂದ ಎಳೆದುಕೊಳ್ಳುತ್ತದೆ, ಇಳಿಜಾರಿನಲ್ಲಿ ಪಾದ ಮುಂದಕ್ಕೆ ಜಾರಿ ಹೆಬ್ಬೆರಳಿನ ಉಗುರು ಕಪ್ಪಾಗುತ್ತದೆ. ಅರ್ಧ ಸೈಜ್ ಚಿಕ್ಕದಾದರೆ ಕಿರುಬೆರಳ ಪಕ್ಕ ಕೊರೆಯುತ್ತದೆ; ರಬ್ಬರು ಚರ್ಮದಂತೆ ಕಾಲಿನ ಆಕಾರಕ್ಕೆ ಸಡಿಲವಾಗುವುದಿಲ್ಲ, ಹಾಕುತ್ತ ಹಾಕುತ್ತ ಸರಿಹೋಗುತ್ತದೆ ಎಂಬ ಆಸೆ ಬೇಡ. ಹಾಗಾಗಿ ಕಾಡಿನಲ್ಲಿ ಹಾಕುವ ಸಾಕ್ಸ್‌ಗಳನ್ನು ಅಂಗಡಿಗೆ ಒಯ್ದು, ಅವನ್ನು ಹಾಕಿಕೊಂಡೇ ಶೂ ನೋಡಿ. ಪಾದ ದಿನವಿಡೀ ನಡೆದ ಮೇಲೆ ಸ್ವಲ್ಪ ಊದಿಕೊಳ್ಳುವುದರಿಂದ ಸಂಜೆ ಕೊಳ್ಳುವುದು ಒಳ್ಳೆಯದು. ನಿಂತಾಗ ಹೆಬ್ಬೆರಳ ಮುಂದೆ ಕಿರುಬೆರಳಿನ ಅಗಲದಷ್ಟು ಜಾಗ ಇರಬೇಕು. ತುದಿಗಾಲಲ್ಲಿ ನಿಂತರೆ ಹಿಮ್ಮಡಿ ಮೇಲೇಳಬಾರದು. ಒಂದೇ ಸೈಜ್ ಎಂದು ಅಚ್ಚಾಗಿದ್ದರೂ ತಯಾರಕರಿಂದ ತಯಾರಕರಿಗೆ ಅಳತೆ ಬೇರೆಯಾಗುತ್ತದೆ, ಆದ್ದರಿಂದ ಸಂಖ್ಯೆ ಹೇಳಿ ಬೇರೆಯವರಿಂದ ತರಿಸಿಕೊಳ್ಳುವುದು ಜೂಜು. ದೊಡ್ಡ ಪಾದದವರಿಗೆ ಸೈಜ್ ಸಿಗುವುದೇ ಕಷ್ಟ.

ಕೊಂಡ ತಕ್ಷಣ ಒಳಗೆ ಕೈಬೆರಳಾಡಿಸಿ. ಅಚ್ಚಿನ ಎರಡು ಭಾಗ ಕೂಡುವಲ್ಲಿ ಸಣ್ಣ ಏಣು ಉಳಿದಿರುತ್ತದೆ, ಹೆಚ್ಚಾಗಿ ಹಿಮ್ಮಡಿಯ ಹಿಂದೆ ಮತ್ತು ಬಾಯಿಯಂಚಿನಲ್ಲಿ. ಮೊದಲ ದಿನದ ಗಾಯಗಳಿಗೆ ಈ ಏಣೇ ಕಾರಣವಾಗುವುದುಂಟು. ಬ್ಲೇಡಿನಿಂದ ಸವರಿ, ಮರಳು ಕಾಗದದಿಂದ ಉಜ್ಜಿದರೆ ಐದು ನಿಮಿಷದಲ್ಲಿ ಹೋಗುತ್ತದೆ.

ಇನ್ನು ಬೊಬ್ಬೆಯ ವಿಚಾರ. ಬೊಬ್ಬೆ ಏಳುವುದು ಚರ್ಮದ ಮೇಲ್ಪದರ ಸಾಕ್ಸಿಗೆ ಅಂಟಿ ನಿಂತು, ಒಳಗಿನ ಮೂಳೆ ಮುಂದಕ್ಕೂ ಹಿಂದಕ್ಕೂ ಸರಿದಾಡಿ, ನಡುವಿನ ಪದರಗಳು ಹರಿದಾಗ. ಒದ್ದೆ ಚರ್ಮ ಮೆತ್ತಗಿರುತ್ತದೆ, ಹೆಚ್ಚು ಅಂಟುತ್ತದೆ. ರಬ್ಬರ್ ಶೂವಿನ ನುಣುಪು ಒಳಮೈಯಲ್ಲಿ ಪಾದ ಎಂದಿಗಿಂತ ಹೆಚ್ಚು ಸರಿದಾಡುತ್ತದೆ. ಒಂದೇ ಸಾಕ್ಸ್ ಹಾಕಿದರೆ ಆ ಸರಿದಾಟವೆಲ್ಲ ಚರ್ಮದ ಮೇಲೆ ಬೀಳುತ್ತದೆ. ಎರಡು ಹಾಕಿದರೆ ಸರಿದಾಟ ಎರಡು ಸಾಕ್ಸ್‌ಗಳ ನಡುವೆ ನಡೆದುಹೋಗಿ ಚರ್ಮ ಬಚಾವಾಗುತ್ತದೆ. ಒಳಗಿನದು ತೆಳ್ಳನೆಯ, ಚರ್ಮಕ್ಕೆ ಬಿಗಿಯಾಗಿ ಅಂಟಿದ ಪಾಲಿಯೆಸ್ಟರ್ ಅಥವಾ ನೈಲಾನ್ ಸಾಕ್ಸ್. ಹೊರಗಿನದು ಸ್ವಲ್ಪ ದಪ್ಪಗಿನ, ಉಣ್ಣೆ ಬೆರೆತದ್ದು ಅಥವಾ ಫುಟ್‌ಬಾಲ್ ಆಡುವವರ ಮೊಣಕಾಲುದ್ದದ ಸಾಕ್ಸ್. ಹತ್ತಿಯದು ಎರಡೂ ಕಡೆ ಬೇಡವೇ ಬೇಡ: ನೀರು ಹಿಡಿದು, ಜೋತು, ಮಡಿಕೆಗಟ್ಟಿ, ಆ ಮಡಿಕೆಯೇ ಚರ್ಮ ಕೀಳುತ್ತದೆ. ಒಳ ಅಟ್ಟೆ ಹಾಕಬೇಕೆನಿಸಿದರೆ ಸ್ಪಂಜಿನದನ್ನು ಬಿಟ್ಟು ನೀರು ಹೀರದ, ಮುಚ್ಚಿದ ಗುಳ್ಳೆಗಳ ಫೋಮ್ ಹಾಳೆಯನ್ನು ಪಾದದ ಆಕಾರಕ್ಕೆ ಕತ್ತರಿಸಿಕೊಳ್ಳಿ. ಯೋಗದ ಚಾಪೆಯ ತುಂಡು ಸಾಕು. ಅದನ್ನು ಹಾಕುವವರು ಶೂ ಕೊಳ್ಳುವಾಗಲೇ ಹಾಕಿ ನೋಡಬೇಕು, ಆಮೇಲೆ ಸೇರಿಸಿದರೆ ಹಿಮ್ಮಡಿ ಮೇಲೆದ್ದು ಶೂ ಕಳಚುತ್ತದೆ.

ಬಿಸಿ ಹತ್ತಿದಂತೆ ಒಂದೇ ಜಾಗ ಉರಿಯತೊಡಗಿದರೆ ಆಗಲೇ ನಿಲ್ಲಿ, ಮುಂದಿನ ವಿಶ್ರಾಂತಿಯವರೆಗೆ ಎಳೆಯಬೇಡಿ. ಒದ್ದೆ ಚರ್ಮಕ್ಕೆ ಪ್ಲಾಸ್ಟರ್ ಹಿಡಿಯದು. ಒರೆಸಿ, ಒಂದೆರಡು ನಿಮಿಷ ಗಾಳಿಗೆ ಬಿಟ್ಟು, ಜಿಂಕ್ ಆಕ್ಸೈಡ್ ಟೇಪನ್ನು ಮೂಲೆಗಳನ್ನು ದುಂಡಗೆ ಕತ್ತರಿಸಿ ಅಂಟಿಸಿ. ಚೌಕ ಮೂಲೆಯಿದ್ದರೆ ಸಾಕ್ಸ್ ಅಲ್ಲಿಂದಲೇ ಟೇಪನ್ನು ಸುರುಳಿ ಸುತ್ತಿ ಬಿಡಿಸುತ್ತದೆ.

ಆಳ ಕೆಸರಿನಲ್ಲಿ ಶೂ ಕಳಚುವವರಿಗೆ ಒಂದು ಪಟ್ಟಿ: ಹಳೆಯ ಸೈಕಲ್ ಟ್ಯೂಬಿನಿಂದ ಎರಡು ಬೆರಳು ಅಗಲದ ಬಳೆ ಕತ್ತರಿಸಿ, ಪಾದದ ಮೇಲ್ಗಡೆಯಿಂದ ಅಟ್ಟೆಯ ಕಮಾನಿನ ಕೆಳಗೆ ಬರುವಂತೆ ಹಾಕಿ. ಸ್ಟಡ್‌ಗಳ ನಡುವೆ ಕೂರುವುದರಿಂದ ಅದು ಬೇಗ ಸವೆಯುವುದಿಲ್ಲ. ಬಿಗಿಯಾಗಿರಲಿ, ಆದರೆ ಬೆರಳುಗಳು ಜುಮುಗುಟ್ಟುವಷ್ಟಲ್ಲ.

ಹಗಲಿಡೀ ಒದ್ದೆಯಿದ್ದ ಪಾದಕ್ಕೆ ರಾತ್ರಿ ಒಣಗಲು ಬಿಡುವು ಬೇಕೇ ಬೇಕು. ಅಂಗಾಲು ಬೆಳ್ಳಗೆ ಸುಕ್ಕಾಗಿ, ನಡೆದರೆ ಸೂಜಿ ಚುಚ್ಚಿದಂತಾದರೆ ಚರ್ಮ ನೀರುಂಡು ಹದಗೆಟ್ಟಿದೆ ಎಂದರ್ಥ. ಒರೆಸಿ, ಪೌಡರ್ ಹಾಕಿ, ಮಲಗುವುದಕ್ಕೆಂದೇ ಮೀಸಲಿಟ್ಟ ಒಣ ಸಾಕ್ಸ್ ಧರಿಸಿ. ಬೆಳಿಗ್ಗೆ ಮತ್ತೆ ಆ ತಣ್ಣನೆಯ ಒದ್ದೆ ಸಾಕ್ಸ್‌ಗಳಿಗೇ ಕಾಲು ತೂರಿಸಬೇಕು. ಒಣ ಜೋಡಿಯನ್ನು ಹಗಲಿಗೆ ಹಾಕುವ ಆಸೆಗೆ ಬಿದ್ದರೆ ರಾತ್ರಿಗೆ ಏನೂ ಉಳಿಯದು.

ಉಂಬಳ

ಶೂವಿನ ಅಂಚು ತಗ್ಗಿನಲ್ಲಿರುವುದರಿಂದ ಉಂಬಳ, ಅಂದರೆ ನೆಲದ ಜಿಗಣೆ, ಬರುತ್ತದೆಯೇ ಎಂದು ಕೇಳುವವರಿದ್ದಾರೆ. ಬರುತ್ತದೆ, ಎತ್ತರದ ಬೂಟಿಗೂ ಬರುತ್ತದೆ. ತಗ್ಗು ಕಾಡಿನಲ್ಲಿ ಎರಡು ಬಗೆ ಕಾಣಸಿಗುತ್ತವೆ: ತರಗೆಲೆಗಳಲ್ಲಿ ಕಾದಿದ್ದು ಕಾಲಿಗೆ ಹತ್ತುವ ಕಂದು ಬಣ್ಣದ್ದು, ಮೊಣಕಾಲು ಸೊಂಟದೆತ್ತರದ ಎಲೆಯ ತುದಿಯಲ್ಲಿ ನಿಂತು ಹತ್ತುವ ಪಟ್ಟೆಪಟ್ಟೆಯದು. ಎರಡನೆಯದಕ್ಕೆ ಯಾವ ಶೂವೂ ಅಡ್ಡಿಯಲ್ಲ, ಅಂಗಿಯನ್ನು ಪ್ಯಾಂಟಿನೊಳಗೆ ಸೇರಿಸಿಕೊಳ್ಳುವುದೇ ದಾರಿ.

ಮೊದಲನೆಯದಕ್ಕೆ ಮದ್ದು ಉಂಬಳದ ಚೀಲ. ಒತ್ತಾಗಿ ನೇಯ್ದ ಬಟ್ಟೆಯಲ್ಲಿ ಹೊಲಿದು, ಮೊಣಕಾಲ ಕೆಳಗೆ ದಾರ ಬಿಗಿಯುವ ಈ ಚೀಲ ಸಾಕ್ಸಿನ ಮೇಲೆ, ಶೂವಿನ ಒಳಗೆ ಬರುತ್ತದೆ. ಹೆಣೆದ ಸಾಕ್ಸಿನ ಕಣ್ಣುಗಳಲ್ಲಿ ಹಸಿದ ಉಂಬಳ ಎಳೆದುಕೊಂಡು ತೂರಬಲ್ಲದು, ಒತ್ತು ನೇಯ್ಗೆಯಲ್ಲಿ ತೂರಲಾಗದು. ಪ್ಯಾಂಟಿನ ಕಾಲನ್ನು ಚೀಲದ ಒಳಗೆ ಸೇರಿಸಬೇಕು. ಹೊರಗೆ ಬಿಟ್ಟರೆ ಅದೇ ಉಂಬಳಕ್ಕೆ ಏಣಿ. ಕಾಂಪುಂಗ್ ಶೂವಿನೊಳಗೆ ಉಂಬಳ ಇಳಿದರೂ ಚೀಲದ ಹೊರಗೇ ಒದ್ದಾಡುತ್ತದೆ, ಸಂಜೆ ಶೂ ಕೊಡವಿದಾಗ ಬೀಳುತ್ತದೆ. ತಿಳಿ ಬಣ್ಣದ ಚೀಲ ಕೊಳ್ಳಿ, ಹತ್ತುತ್ತಿರುವುದು ಕಣ್ಣಿಗೆ ಕಾಣಿಸಬೇಕು. ಚೀಲದ ತಳದ ಹೊಲಿಗೆ ಅಂಗಾಲಿನ ಕೆಳಗೆ ಬರುವಂಥದ್ದಾದರೆ ಬೇಡ, ಪಕ್ಕಕ್ಕೆ ಬರುವಂಥದ್ದನ್ನು ಆರಿಸಿ.

ಕಚ್ಚಿದ್ದನ್ನು ಉಪ್ಪು, ಬೆಂಕಿ ಹಚ್ಚಿ ಬಿಡಿಸಲು ಹೋಗಬೇಡಿ. ಬಿಡುವ ಗಡಿಬಿಡಿಯಲ್ಲಿ ಹೊಟ್ಟೆಯದನ್ನು ಗಾಯದೊಳಕ್ಕೆ ಕಾರುವ ಸಂಭವವಿದೆ. ಸಣಕಲು ತುದಿಯ ಬಳಿ, ಅಂದರೆ ಬಾಯಿಯ ಕಡೆ, ಉಗುರನ್ನು ಚರ್ಮಕ್ಕೆ ಒತ್ತಿ ಸರಿಸಿದರೆ ಹಿಡಿತ ಬಿಡುತ್ತದೆ. ಆಮೇಲೆ ಹಿಂದಿನ ತುದಿ. ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇರುವುದರಿಂದ ಬಹಳ ಹೊತ್ತು ಜಿನುಗುತ್ತದೆ. ತೊಳೆದು, ಒತ್ತಿ ಹಿಡಿದು ಪಟ್ಟಿ ಕಟ್ಟಿದರೆ ಸಾಕು.

ಯಾವ ದಾರಿಗೆ ಸರಿ

ತಮನ್ ನೆಗಾರಾ ಪಹಾಂಗ್, ಕೆಲಂತಾನ್, ತೆರೆಂಗಾನು ರಾಜ್ಯಗಳಿಗೆ ಹರಡಿಕೊಂಡ 4,343 ಚದರ ಕಿಲೋಮೀಟರಿನ ಕಾಡು. ಹೆಚ್ಚಿನವರು ಹೋಗುವುದು ಕ್ವಾಲಾ ತಹಾನ್ ಕಡೆಯಿಂದ. ಅಲ್ಲಿ ದೋಣಿಯಿಳಿದು 334 ಮೀಟರ್ ಎತ್ತರದ ಬುಕಿಟ್ ತೆರೆಸೆಕ್ ಗುಡ್ಡ ಹತ್ತಿ ಬರುವಷ್ಟೇ ಯೋಜನೆಯಿದ್ದರೆ ಈ ಶೂ ಕೊಳ್ಳಬೇಡಿ. ಆ ದಾರಿಯ ಬಹುಪಾಲು ಹಲಗೆ ಮತ್ತು ಮೆಟ್ಟಿಲು, ಮಾಮೂಲಿ ಓಟದ ಶೂವೇ ವಾಸಿ. ಬಾವಲಿಗಳ ಗವಿ ಗುವಾ ತೆಲಿಂಗಾದೊಳಗೆ ಮಾತ್ರ ಕಾಂಪುಂಗ್ ಒಳ್ಳೆಯದು: ಹಿಕ್ಕೆ, ಕೆಸರು ಎರಡೂ ಹೊರಬಂದು ತೊಳೆದರೆ ಹೋಗುತ್ತವೆ.

ಬುಂಬುನ್ ಕುಂಬಾಂಗ್ ಎಂಬ ಪ್ರಾಣಿ ವೀಕ್ಷಣೆಯ ಅಟ್ಟಣೆಗೆ ಹೋಗುವ ಸುಮಾರು 11 ಕಿಲೋಮೀಟರ್ ದಾರಿ ಈ ಶೂವಿಗೆಂದೇ ಮಾಡಿಸಿದಂತಿದೆ. ಏರಿಳಿತ ಸಣ್ಣದು, ಹಳ್ಳಗಳು ಬಹಳ, ಕೆಸರು ಧಾರಾಳ, ಒಂದೇ ರಾತ್ರಿಯ ತಂಗುವಿಕೆಯಾದ್ದರಿಂದ ಹೊರೆಯೂ ಕಡಿಮೆ. ಮಲಯ ಪರ್ಯಾಯ ದ್ವೀಪದ ಅತಿ ಎತ್ತರದ ಶಿಖರ, 2,187 ಮೀಟರಿನ ಗುನುಂಗ್ ತಹಾನ್ ಬೇರೆ ಲೆಕ್ಕ. ಕ್ವಾಲಾ ತಹಾನ್ ಕಡೆಯ ದಾರಿ ಹಲವು ದಿನಗಳದು. ಮೊದಲು ಸಾಲು ಗುಡ್ಡಗಳು, ಆಮೇಲೆ ತಹಾನ್ ಹೊಳೆಯನ್ನು ಮತ್ತೆ ಮತ್ತೆ ದಾಟಬೇಕು, ಕೊನೆಗೆ ಕಡಿದಾದ ಏಣುದಾರಿ. ಹೊಳೆಯ ಭಾಗಕ್ಕೆ ಈ ಶೂ ಸೊಗಸು. ಊಟದ ಸಾಮಾನೆಲ್ಲ ಹೊತ್ತು ಏಣು ಹತ್ತುವ ಭಾಗಕ್ಕೆ ನಡೆದು ಪಳಗಿದ ಕಾಲಿದ್ದರಷ್ಟೇ ಸರಿ. ಹೊರೆ ಪಕ್ಕಕ್ಕೆ ವಾಲಿದಾಗ ಹರಡು ಉಳುಕದಂತೆ ಹಿಡಿಯಲು ಇದರಲ್ಲಿ ಏನೂ ಇಲ್ಲ. ನವೆಂಬರ್‌ನಿಂದ ಜನವರಿಯವರೆಗೆ ಈಶಾನ್ಯ ಮಾರುತದ ಮಳೆಗೆ ಹೊಳೆಗಳು ಏರುತ್ತವೆ, ಆಗ ಪ್ರಶ್ನೆ ಶೂವಿನದಾಗಿರುವುದಿಲ್ಲ.

ಬೋರ್ನಿಯೋದ ಸಾರವಾಕಿನಲ್ಲಿರುವ ಗುನುಂಗ್ ಮುಲು ಉದ್ಯಾನದಲ್ಲಿ ದೊಡ್ಡ ಗವಿಗಳಿಗೆ ಹೋಗುವುದು ಹಲಗೆ ದಾರಿ, ಅಲ್ಲಿಗೂ ಬೇಡ. ಉದ್ಯಾನದೊಳಗಿನ ಬಿಡಾರ ಕ್ಯಾಂಪ್ 5ರಿಂದ ತೆರಿಕಾನ್ ಹೊಳೆಯತ್ತ ಹೋಗುವ, 11 ಕಿಲೋಮೀಟರಿಗೆ ತುಸು ಮೇಲ್ಪಟ್ಟ ‘ಹೆಡ್‌ಹಂಟರ್ಸ್ ಟ್ರೇಲ್’ ಸಮತಟ್ಟು, ಒದ್ದೆ, ಕೆಸರು. ಕಣ್ಣು ಮುಚ್ಚಿ ಇದನ್ನೇ ಹಾಕಿ. ಅದೇ ಕ್ಯಾಂಪಿನಿಂದ ಏರುವ ಪಿನಕಲ್ಸ್ ದಾರಿ ಮಾತ್ರ ಈ ಶೂವಿನ ಮಿತಿಯನ್ನು ತೋರಿಸಿಕೊಡುತ್ತದೆ. ಬರೀ 2.4 ಕಿಲೋಮೀಟರಿನಲ್ಲಿ ಸುಮಾರು 1,200 ಮೀಟರ್ ಎತ್ತರಕ್ಕೆ ಹೋಗುವ ದಾರಿ, ಕಾಲಡಿ ಮಳೆನೀರು ಕರಗಿಸಿ ಚೂಪು ಮಾಡಿದ ಸುಣ್ಣಕಲ್ಲು, ಮೇಲೆ ಹೋದಂತೆ ಸಾಲು ಏಣಿಗಳು. ಆ ಕಲ್ಲಿನ ಅಂಚು ಮೆತ್ತನೆಯ ರಬ್ಬರನ್ನು ಸಿಗಿಯುತ್ತದೆ, ಅಂಗಾಲಿಗೆ ನೇರ ಚುಚ್ಚುತ್ತದೆ. ಇಳಿಯುವಾಗ ಇನ್ನೂ ಕಷ್ಟ. ಅಲ್ಲಿಗೆ ಗಟ್ಟಿ ಅಟ್ಟೆಯ, ಒಳಪೊರೆಯಿಲ್ಲದ ಟ್ರೇಲ್ ಶೂ ಮತ್ತು ಕೈಗೆ ಗವಸು ಒಯ್ಯಿರಿ.

ಬೇರೆ ಏನಿದೆ

ಲೇಸಿರುವ ಜಂಗಲ್ ಬೂಟು, ಪಕ್ಕದಲ್ಲಿ ನೀರು ಹೋಗುವ ಲೋಹದ ಕಣ್ಣು, ಕ್ಯಾನ್ವಾಸ್ ಮೈ, ಕೆಸರು ಉದುರಿಸುವ ಓರೆಗಟ್ಟಿನ ಅಟ್ಟೆ: ಭಾರದ ಹೊರೆಗೆ ಇದು ಸರಿಯಾದ ಆಯ್ಕೆ. ಒಣಗಲು ನಿಧಾನ, ಪಳಗಿಸಲು ವಾರಗಳು ಬೇಕು. ಜಾಲರಿ ಮೈಯ ಟ್ರೇಲ್ ಓಟದ ಶೂ ಎಲ್ಲದರಲ್ಲೂ ಮಧ್ಯಮ. ಕಲ್ಲು, ಹಲಗೆ, ಕೆಸರು ಬೆರೆತ ದಾರಿಗೆ ಒಂದೇ ಜೊತೆ ಒಯ್ಯುವವರಿಗೆ ಅದನ್ನೇ ಹೇಳುತ್ತೇವೆ. ಮೊಣಕಾಲುದ್ದದ ಗಂಬೂಟು ಅಮೆಜಾನ್ ಕಡೆ ಬಹಳ ಬಳಕೆಯಲ್ಲಿದೆ. ನಿಂತ ಕೆಸರಿಗೆ, ಹಾವಿನ ಭಯಕ್ಕೆ ಒಳ್ಳೆಯದು. ಮಲೇಷಿಯಾದಲ್ಲಿ ಹೊಳೆ ಗಂಬೂಟಿನ ಬಾಯಿ ದಾಟಿ ಬಂತೆಂದರೆ ಎರಡು ಕೊಡ ನೀರು ಕಾಲಿಗೆ ಕಟ್ಟಿಕೊಂಡಂತೆ.

ಕೊಳ್ಳುವುದು, ಬಾಳಿಕೆ

ಕ್ವಾಲಾ ತಹಾನ್‌ಗೆ ಹೋಗುವವರು ಜೆರಾಂಟುಟ್ ಪೇಟೆಯಲ್ಲೇ, ಮುಲುವಿಗೆ ಹೋಗುವವರು ವಿಮಾನ ಹತ್ತುವ ಮೊದಲು ಮಿರಿಯಲ್ಲೇ ಕೊಂಡುಬಿಡಿ. ಉದ್ಯಾನದ ಬಾಗಿಲಿನಲ್ಲಿ ನಿಮ್ಮ ಸೈಜ್ ಇರುತ್ತದೆಂಬ ಭರವಸೆಯಿಲ್ಲ. ಕಿರಾಣಿ ಅಂಗಡಿ, ಹಾರ್ಡ್‌ವೇರ್ ಅಂಗಡಿ, ತೋಟದ ಸಾಮಾನಿನ ಅಂಗಡಿಗಳಲ್ಲಿ ವಿಚಾರಿಸಿ. ಮಾಲ್‌ನ ಕ್ರೀಡಾ ಮಳಿಗೆಯಲ್ಲಿ ಹುಡುಕಿ ಪ್ರಯೋಜನವಿಲ್ಲ. ಕೊಳ್ಳುವಾಗ ಅಟ್ಟೆಯನ್ನು ಎರಡು ಮಡಿಕೆಯಾಗಿ ಬಗ್ಗಿಸಿ. ಸುಲಭವಾಗಿ ಬಾಗಿ ತಟ್ಟನೆ ನೇರವಾಗುವುದು ಒಳ್ಳೆಯದು. ಗಡುಸಾಗಿ, ಬಾಗಿದಲ್ಲಿ ಬಿಳಿ ಗೆರೆ ಮೂಡುವುದು ಅಂಗಡಿಯ ಕಿಟಕಿಯಲ್ಲಿ ಬಿಸಿಲುಂಡ ಹಳೆಯ ಸರಕು, ಮುಂಗಾಲು ಬಾಗುವ ಜಾಗದಲ್ಲಿ ಬೇಗ ಸೀಳುತ್ತದೆ.

ಹಾಳಾಗುವುದೂ ಹೆಚ್ಚಾಗಿ ಅಲ್ಲಿಯೇ, ಕಿರುಬೆರಳ ಬುಡದ ಮಡಿಕೆಯಲ್ಲಿ. ಇನ್ನೊಂದು ಅಪಾಯ ದಾರಿ ಸವರುವಾಗ ಓರೆಯಾಗಿ ಕಡಿದ ಬಿದಿರು ಮತ್ತು ಬೆತ್ತದ ಮೋಟುಗಳು. ತೆಳು ಅಟ್ಟೆಯನ್ನು ಅವು ತೂರಿ ಬರಬಲ್ಲವು, ಹಾಗಾಗಿ ಹೊಸದಾಗಿ ಸವರಿದ ದಾರಿಯಲ್ಲಿ ಕಾಲು ಎಳೆದು ನಡೆಯದೆ ಎತ್ತಿ ಇಡಿ. ಸಣ್ಣ ಸೀಳಿಗೆ ಸೈಕಲ್ ಪಂಕ್ಚರಿನ ತೇಪೆ ಕೆಲವು ದಿನ ತಡೆಯುತ್ತದೆ, ಮೈ ಪೂರ್ತಿ ಒಣಗಿಸಿ ಉಜ್ಜಿ ಅಂಟಿಸಿದರೆ. ಸಿಂಥೆಟಿಕ್ ಅಚ್ಚಿನ ಶೂವಿಗೆ ಆ ಗೋಂದು ಹಿಡಿಯದೆಯೂ ಇರಬಹುದು, ಆಗ ಅಗಲ ಟೇಪನ್ನು ಸುತ್ತಲೂ ಬಿಗಿದು ಊರು ಸೇರುವುದೇ.

ಒಂದು ಕಾಡಿನಿಂದ ಇನ್ನೊಂದು ಕಾಡಿಗೆ ಹೋಗುವವರು ನಡುವೆ ಸ್ಟಡ್‌ಗಳ ಸಂದಿಯನ್ನು ಬ್ರಷ್ ಹಾಕಿ ತಿಕ್ಕಿ ತೊಳೆಯಬೇಕು. ಮಣ್ಣಿನ ಜೊತೆ ಬೀಜ, ಶಿಲೀಂಧ್ರಗಳು ಸಾಗುತ್ತವೆ. ಬೇರೆ ಬೂಟುಗಳಿಗೆ ಅರ್ಧ ದಿನ ಹಿಡಿಯುವ ಈ ಕೆಲಸ ಇಲ್ಲಿ ಎರಡು ನಿಮಿಷದ್ದು. ಪ್ರವಾಸ ಮುಗಿದ ಮೇಲೆ ವಿಮಾನದ ತೂಕಕ್ಕೆ ಹೆದರಿ ಬಿಟ್ಟು ಬರುವವರು ಕಸದ ಬುಟ್ಟಿಗೆ ಹಾಕದೆ ತಂಗಿದ್ದ ಮನೆಯವರಿಗೆ ತೊಳೆದು ಕೊಡಿ, ಹೊಂದುವ ಕಾಲು ಊರಿನಲ್ಲಿ ಯಾರದಾದರೂ ಇರುತ್ತದೆ.